ಲಾರಿ ಎಲ್ಲಿದೆ ಎಂಬ ಸಂದೇಶ: ಲಿಂಕ್ ಒಂದೇ, ಫೋನಿಗೊಂದು ನಡತೆ

ತೊಗರಿ ಲಾರಿ ಕಲಬುರಗಿ ಗಂಜ್ (ಧಾನ್ಯದ ಮಾರುಕಟ್ಟೆ) ಹತ್ತಿರ ಬಂದ ಕೂಡಲೇ ಮಾಲೀಕರಿಗೂ ಹಮಾಲರಿಗೂ ನೋಟಿಫಿಕೇಶನ್ ಹೋಗಬೇಕು, ಒತ್ತಿದರೆ ಮ್ಯಾಪ್ ತೆರೆಯಬೇಕು. ಇದಕ್ಕೆ ನಾನು ಮೊದಲು ಬಳಸಿದ್ದು 'ಜಿಯೋ:' ಲಿಂಕ್ (ಸಿಮ್ ಕಂಪನಿಯಲ್ಲ, ಭೂಸ್ಥಾನದ ಜಿಯೋ). ಆಂಡ್ರಾಯ್ಡ್‌ನಲ್ಲಿ ನಡೆಯಿತು. ಆದರೆ ಜಾಗದ ಅಕ್ಷಾಂಶ, ರೇಖಾಂಶದ ಅಂಕಿಗಳನ್ನಷ್ಟೇ ಕೊಟ್ಟರೆ ಗೂಗಲ್ ಮ್ಯಾಪ್ಸ್ ಆ ಜಾಗ ತೋರಿಸುತ್ತದೆಯೇ ಹೊರತು ಪಿನ್ ಹಾಕುವುದಿಲ್ಲ; 'ಕ್ಯೂ=' ಸೇರಿಸಿ ಅಂಕಿಗಳನ್ನು ಇನ್ನೊಮ್ಮೆ ಬರೆಯಬೇಕು. ಐಫೋನ್, ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ವಾಟ್ಸಾಪ್‌ನಲ್ಲಂತೂ ಅದು ಒತ್ತಬಹುದಾದ ನೀಲಿ ಲಿಂಕೇ ಆಗದು.

ಹಾಗಾಗಿ ಈಗ ಎಲ್ಲರಿಗೂ ಗೂಗಲ್ ಮ್ಯಾಪ್ಸ್‌ನ 'ಎಚ್‌ಟಿಟಿಪಿಎಸ್' ಲಿಂಕ್. ಆ್ಯಪ್ ಇದ್ದರೆ ಆ್ಯಪ್, ಇಲ್ಲದಿದ್ದರೆ ಬ್ರೌಸರ್ ತೆರೆಯುತ್ತದೆ. ಹೋಮ್ ಅಸಿಸ್ಟೆಂಟ್ (ಮನೆಯ ಸಾಧನಗಳನ್ನು ನಡೆಸುವ, ಫೋನಿಗೆ ನೋಟಿಫಿಕೇಶನ್ ಕಳಿಸಬಲ್ಲ ಸಾಫ್ಟ್‌ವೇರ್) ಬಳಸುವವರು ಗಮನಿಸಿ: ಒತ್ತಿದಾಗ ತೆರೆಯಬೇಕಾದ ಲಿಂಕನ್ನು ಆಂಡ್ರಾಯ್ಡ್‌ಗೆ 'ಕ್ಲಿಕ್‌ಆ್ಯಕ್ಷನ್'ನಲ್ಲಿ, ಐಫೋನಿಗೆ 'ಯುಆರ್‌ಎಲ್'ನಲ್ಲಿ ಕೊಡಬೇಕು. ಎರಡನ್ನೂ ತುಂಬಿಬಿಡಿ.

ಎಸ್ಸೆಮ್ಮೆಸ್‌ನಲ್ಲಿ ಲೆಕ್ಕ ಬಿಗಿ. ಒಂದು ಕನ್ನಡ ಅಕ್ಷರ ಬಂದರೂ ಒಂದು ಸಂದೇಶದ ಮಿತಿ 160 ಅಕ್ಷರದಿಂದ 70ಕ್ಕೆ ಇಳಿಯುತ್ತದೆ. ಗೂಗಲ್‌ನ ಉದ್ದನೆಯ 'ಸರ್ಚ್, ಎಪಿಐ=1' ಲಿಂಕ್ ಒಂದೇ 65 ತಿನ್ನುತ್ತದೆ; 'ಮ್ಯಾಪ್ಸ್.ಗೂಗಲ್.ಕಾಮ್' ನಂತರ ನೇರ 'ಕ್ಯೂ=' ಹಾಕಿದರೆ 44. ಉಳಿದ 26ರಲ್ಲಿ 'ಲಾರಿ ಗಂಜ್ ಹತ್ತಿರ' ಹಿಡಿಸುತ್ತದೆ. ಗುಣಿತ, ಒತ್ತು ಎಲ್ಲಕ್ಕೂ ಪ್ರತ್ಯೇಕ ಎಣಿಕೆ: 'ಹತ್ತಿರ' ಕಣ್ಣಿಗೆ ಮೂರಕ್ಷರ, ಫೋನಿಗೆ ಆರು. ಲಿಂಕನ್ನು ಬೇರೆ ಸಾಲಿಗೆ ಇಳಿಸಿ. ಲಿಂಕಿಗೇ ಅಂಟಿಸಿ 'ರಲ್ಲಿ' ಅಂತ ಬರೆದರೆ ಕೆಲವು ಆ್ಯಪ್‌ಗಳು ಅದನ್ನೂ ಲಿಂಕಿನೊಳಗೆ ಎಳೆದುಕೊಳ್ಳುತ್ತವೆ.

ಅಂಕಿಗಳ ಕ್ರಮ ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ: 17.33, 76.83. ಜಿಯೋಜೇಸನ್‌ನಲ್ಲಿ (ನಕ್ಷೆಯ ಮಾಹಿತಿ ಬರೆದಿಡುವ ಒಂದು ಫೈಲ್ ರೂಪ) ಇದು ತಿರುಗುಮುರುಗು. ಅಲ್ಲಿಂದ ಹಾಗೇ ಎತ್ತಿ ಹಾಕಿದರೆ ನಮ್ಮ ಲಾರಿ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಬಳಿ ನಿಂತಿರುತ್ತದೆ! ದಶಮಾಂಶದ ನಂತರ ಐದು ಅಂಕಿ ಸಾಕು, ಸುಮಾರು ಒಂದು ಮೀಟರ್ ನಿಖರತೆ. ಎರಡೇ ಇಟ್ಟರೆ ಕಿಲೋಮೀಟರಿನಷ್ಟು ಆಚೀಚೆ, ಗಂಜ್‌ನೊಳಗೆ ಅದು ಯಾವ ಕೆಲಸಕ್ಕೂ ಬಾರದು.

ತಗಡಿನ ಗೋದಾಮಿನೊಳಗೆ ಉಪಗ್ರಹ ಸಿಗದಾಗ ಲಾರಿಯ ಸ್ಥಾನ ಕಳಿಸುವ ಕೆಲವು ಟ್ರ್ಯಾಕರ್‌ಗಳು 0,0 ಕಳಿಸುತ್ತವೆ. ಅದು ಆಫ್ರಿಕಾ ಪಕ್ಕದ ಸಮುದ್ರ. ಅಂಥ ಸಂದೇಶವನ್ನು ಸರ್ವರ್‌ನಲ್ಲೇ ತಡೆಯಿರಿ. ಇನ್ನು ಕೆಲವು ಹಳೆಯ ಜಾಗವನ್ನೇ ಮತ್ತೆ ಕಳಿಸುತ್ತವೆ, ಅದಕ್ಕೇ ಸ್ಥಾನ ಸಿಕ್ಕ ಸಮಯವೂ ಜೊತೆಗಿರಬೇಕು.

ಕೀಪ್ಯಾಡ್ ಫೋನು, ಅಗ್ಗದ ಸ್ಮಾರ್ಟ್ ಕೈಪಟ್ಟಿ ಇದ್ದವರಿಗೆ ಲಿಂಕ್ ಕಳಿಸುವುದನ್ನೇ ಬಿಟ್ಟಿದ್ದೇನೆ. 'ಜೇವರ್ಗಿ ರಸ್ತೆ, ರಾಮಮಂದಿರ ಸರ್ಕಲ್, 4:20' ಅಷ್ಟೇ.