19 ರೂಪಾಯಿ ಸೋಪು 1900 ಆದದ್ದು

ಒಂದು ಕಿರಾಣಿ ಅಂಗಡಿಗೆ ಸಿ ಪ್ಲಸ್ ಪ್ಲಸ್‌ನಲ್ಲಿ ಬಿಲ್ಲಿಂಗ್ ಪ್ರೋಗ್ರಾಂ ಬರೆಯುತ್ತಿದ್ದೆ. ‘ಬಿಲ್’ ಅನ್ನೋ ಬೇಸ್ ಕ್ಲಾಸ್‌ನಲ್ಲಿ (ಬೇರೆ ಕ್ಲಾಸ್‌ಗಳಿಗೆ ಮೂಲವಾಗುವ ಕ್ಲಾಸ್) ‘ಆಡ್’ ಹೆಸರಿನ ಎರಡು ಫಂಕ್ಷನ್ ಇಟ್ಟಿದ್ದೆ. ಇಂಟ್ (ಪೂರ್ಣಾಂಕ) ಕೊಟ್ಟರೆ ಪೈಸೆ, ಡಬಲ್ (ದಶಮಾಂಶ ಸಂಖ್ಯೆ) ಕೊಟ್ಟರೆ ರೂಪಾಯಿ. ಎರಡೂ ವರ್ಚುವಲ್, ಅಂದರೆ ಬೇಸ್‌ನಿಂದ ಹುಟ್ಟುವ ಕ್ಲಾಸ್ ಅವನ್ನು ತನ್ನದೇ ರೀತಿಯಲ್ಲಿ ಬರೆದುಕೊಳ್ಳಬಹುದು. ಪೈಸೆಯ ಆಡ್ ಒಳಗೆ 100ರಿಂದ ಭಾಗಿಸಿ ರೂಪಾಯಿಯ ಆಡ್‌ಗೆ ದಾಟಿಸುತ್ತಿತ್ತು.

ಕಾಯಂ ಗಿರಾಕಿಗಳಿಗೆ ಶೇಕಡಾ 5 ರಿಯಾಯಿತಿ ಬೇಕು ಅಂದರು. ‘ರಿಯಾಯಿತಿಬಿಲ್’ ಅಂತ ‘ಬಿಲ್’ನಿಂದ ಹುಟ್ಟುವ ಡಿರೈವ್ಡ್ ಕ್ಲಾಸ್ ಮಾಡಿ, ಡಬಲ್‌ನ ಆಡ್ ಒಂದನ್ನೇ ಓವರ್‌ರೈಡ್ ಮಾಡಿದೆ, ಅಂದರೆ ಹೊಸದಾಗಿ ಬರೆದೆ. ಪೈಸೆಯದ್ದು ಹೇಗೂ ಇನ್‌ಹೆರಿಟ್ ಆಗಿ ಬರುತ್ತದೆ, ಅಲ್ವಾ?

ಟೆಸ್ಟ್ ಎಲ್ಲ ಪಾಸಾದವು. ಆದರೆ ಕೌಂಟರ್‌ನಲ್ಲಿ 20 ರೂಪಾಯಿಯ ಸೋಪು, ಅಂದರೆ 2000 ಪೈಸೆ, ಹಾಕಿದಾಗ 19 ಬರುವ ಕಡೆ 1900 ರೂಪಾಯಿ ಬಂತು.

ಅರ್ಧ ದಿನ ಭಾಗಾಕಾರದ ಸಾಲನ್ನೇ ನೋಡುತ್ತಾ ಕೂತೆ. ತಪ್ಪು ಅಲ್ಲಿರಲಿಲ್ಲ. ಡಿಬಗರ್‌ನಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೋದಾಗ ಗೊತ್ತಾಯಿತು, ಪೈಸೆಯ ಆಡ್ ಒಳಗೆ ಕಾಲೇ ಇಡುತ್ತಿರಲಿಲ್ಲ.

ಕಂಪೈಲರ್ ಮೊದಲು ಹುಡುಕುವುದು ಹೆಸರನ್ನು. ಡಿರೈವ್ಡ್ ಕ್ಲಾಸ್‌ನಲ್ಲಿ ‘ಆಡ್’ ಸಿಕ್ಕಿತೋ, ಹುಡುಕಾಟ ಅಲ್ಲಿಗೇ ಮುಗಿಯಿತು. ಬೇಸ್ ಕ್ಲಾಸ್ ಕಡೆ ತಿರುಗಿಯೂ ನೋಡುವುದಿಲ್ಲ. ಒಂದೇ ಹೆಸರಿನ ಫಂಕ್ಷನ್‌ಗಳಲ್ಲಿ (ಓವರ್‌ಲೋಡ್‌ಗಳಲ್ಲಿ) ಯಾವುದು ಸರಿಹೊಂದುತ್ತದೆ ಅನ್ನೋ ಪ್ರಶ್ನೆ ಆಮೇಲಿನದು, ಅದೂ ಸಿಕ್ಕಿದ್ದರ ನಡುವೆ ಮಾತ್ರ. ಹಾಗಾಗಿ 2000 ಅನ್ನೋ ಇಂಟ್ ಸದ್ದಿಲ್ಲದೆ ಡಬಲ್ ಆಗಿ, ಪೈಸೆ ಹೋಗಿ ರೂಪಾಯಿ ಆಯಿತು. ನನ್ನ ಟೆಸ್ಟ್‌ಗಳು ‘ಬಿಲ್’ ರೆಫರೆನ್ಸ್ ಮೂಲಕ, ಅಂದರೆ ಆಬ್ಜೆಕ್ಟನ್ನು ‘ಬಿಲ್’ ಟೈಪಿನದು ಅಂತ ಹಿಡಿದುಕೊಂಡು, ಕರೆಯುತ್ತಿದ್ದವು. ಅಲ್ಲಿ ಹುಡುಕಾಟ ಬೇಸ್ ಕ್ಲಾಸ್‌ನಲ್ಲೇ ಶುರುವಾಗುತ್ತದೆ, ಎರಡೂ ಆಡ್ ಕಾಣುತ್ತವೆ. ಕೌಂಟರ್ ಕೋಡ್ ನೇರವಾಗಿ ‘ರಿಯಾಯಿತಿಬಿಲ್’ ಆಬ್ಜೆಕ್ಟನ್ನೇ ಬಳಸುತ್ತಿತ್ತು. ಒಂದೇ ಆಬ್ಜೆಕ್ಟ್, ಹಿಡಿದುಕೊಂಡ ಟೈಪ್ ಬೇರೆಯಾದರೆ ಉತ್ತರ ಬೇರೆ! ಇದನ್ನು ಅರಗಿಸಿಕೊಳ್ಳೋಕೆ ನನಗೆ ಜಾಸ್ತಿ ಹೊತ್ತು ಹಿಡಿಯಿತು. ಜಾವಾದಲ್ಲಿ ಹೀಗಿಲ್ಲ, ಅಲ್ಲಿ ಪೇರೆಂಟ್ ಕ್ಲಾಸ್‌ನ ಓವರ್‌ಲೋಡ್‌ಗಳೂ ಲೆಕ್ಕಕ್ಕೆ ಬರುತ್ತವೆ. ನಾನು ಜಾವಾದಿಂದ ಬಂದವನು.

ಸಿ ಪ್ಲಸ್ ಪ್ಲಸ್‌ನ 2011ರ ಸ್ಟ್ಯಾಂಡರ್ಡ್‌ನಲ್ಲಿ ಬಂದ ‘ಓವರ್‌ರೈಡ್’ ಕೀವರ್ಡ್ ಹಾಕಿಯೇ ಇದ್ದೆ. ಅದು ಇಲ್ಲಿ ಕಾಪಾಡುವುದಿಲ್ಲ. ನಾನು ಓವರ್‌ರೈಡ್ ಮಾಡಿದ್ದು ಸರಿಯಾಗಿಯೇ ಇತ್ತು, ಮರೆಯಾದದ್ದು ಪಕ್ಕದ್ದು. ಜಿಸಿಸಿ ಕಂಪೈಲರ್‌ನಲ್ಲಿ ‘ಓವರ್‌ಲೋಡೆಡ್ ವರ್ಚುವಲ್’ ಅನ್ನೋ ವಾರ್ನಿಂಗ್ ಆನ್ ಮಾಡಿದ ಮೇಲೆ ಅದೇ ಸಾಲನ್ನು ಬೆರಳಿಟ್ಟು ತೋರಿಸಿತು. ಸಾಮಾನ್ಯ ವಾರ್ನಿಂಗ್‌ಗಳನ್ನು ಒಟ್ಟಿಗೆ ಆನ್ ಮಾಡುವ ‘ವಾಲ್’ (-Wall) ಒಂದೇ ಸಾಕು ಅಂತ ಸುಮ್ನೆ ಕೂರಬೇಡಿ.

ರಿಪೇರಿ ಒಂದೇ ಸಾಲು. ಡಿರೈವ್ಡ್ ಕ್ಲಾಸ್‌ನ ಪಬ್ಲಿಕ್ ಭಾಗದಲ್ಲಿ ‘ಯೂಸಿಂಗ್’ ಬರೆದು ‘ಬಿಲ್’ನ ಆಡ್ ಹೆಸರನ್ನು ಒಳಗೆ ಕರೆದುಕೊಂಡೆ. ಬಿಲ್ ತಕ್ಷಣ 19ಕ್ಕೆ ಇಳಿಯಿತು.

ಆದರೂ ಮನಸ್ಸು ಒಪ್ಪಲಿಲ್ಲ. ಪೈಸೆ, ರೂಪಾಯಿ ಅನ್ನೋ ಅರ್ಥವನ್ನೇ ಇಂಟ್, ಡಬಲ್ ಮೇಲೆ ಹೊರಿಸಿದ್ದು ಓವರ್‌ಲೋಡಿಂಗ್‌ಗೆ ತಕ್ಕ ಜಾಗವಲ್ಲ. ಮರುದಿನ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟೆ: ‘ಆಡ್‌ಪೈಸೆ’, ‘ಆಡ್‌ರೂಪಾಯಿ’. ಸೋಪಿನ ಟೆಸ್ಟನ್ನು ‘ರಿಯಾಯಿತಿಬಿಲ್’ ಆಬ್ಜೆಕ್ಟ್ ಮೇಲೆ ನೇರವಾಗಿಯೇ ಇನ್ನೊಂದು ಸಲ ಬರೆದಿಟ್ಟೆ.