ನೈಟ್ರೋಜನ್ ಇಲ್ಲದೆ, ಯುವಿ ಡಿಟೆಕ್ಟರ್‌ನಲ್ಲೇ ಪ್ಲಾಸ್ಮಾ ಡೈಕ್ಲೋಫೆನಾಕ್: ನಮ್ಮ ಅನುಭವ

ನೋವಿನ ಔಷಧ ಡೈಕ್ಲೋಫೆನಾಕ್ ರಕ್ತದ ಪ್ಲಾಸ್ಮಾದಲ್ಲಿ ಎಷ್ಟಿದೆ ಎಂದು ಅಳೆಯಲು ಎಲ್‌ಸಿ-ಎಂಎಸ್ (ಮಾಸ್ ಸ್ಪೆಕ್ಟ್ರೋಮೀಟರ್ ಜೋಡಿಸಿದ ಯಂತ್ರ) ಬೇಕೇ ಬೇಕು, ಎಚ್‌ಪಿಎಲ್‌ಸಿಯ ಯುವಿ ಡಿಟೆಕ್ಟರ್‌ನಲ್ಲಿ ಕೊನೆಯ ಗಂಟೆಗಳ ಸ್ಯಾಂಪಲ್ ಕಾಣುವುದೇ ಇಲ್ಲ ಎಂದು ಬಹಳ ಮಂದಿ ಹೇಳಿದ್ದರು. 50 ಮಿ.ಗ್ರಾಂ ಮಾತ್ರೆ ನುಂಗಿದವರಲ್ಲಿ ಗರಿಷ್ಠ ಮಟ್ಟ ಮಿಲಿಲೀಟರಿಗೆ ಹೆಚ್ಚುಕಡಿಮೆ 1 ಮೈಕ್ರೋಗ್ರಾಂ. ಕೊನೆಯ ಸ್ಯಾಂಪಲ್ ಕಾಣಬೇಕಾದರೆ ಅದರ ಶೇ. 5ರವರೆಗಾದರೂ, ಎಂದರೆ 50 ನ್ಯಾನೊಗ್ರಾಂವರೆಗೆ, ಅಳೆಯಬೇಕು. ನಮ್ಮ ವಿಧಾನ ಈಗ 20ರವರೆಗೆ ನೆಚ್ಚಿಕೊಳ್ಳುವಂತೆ ಅಳೆಯುತ್ತಿದೆ.

ಅಸಿಟೋನೈಟ್ರೈಲ್ ಹಾಕಿ ಪ್ರೋಟೀನ್ ಇಳಿಸುವ ದಾರಿ ಸುಲಭ. ಆದರೆ ಸ್ಯಾಂಪಲ್ ಮೂರು ಪಟ್ಟು ತೆಳುವಾಗುತ್ತದೆ, ಗಾರ್ಡ್ ಕಾಲಮ್ ಬೇಗ ಕಟ್ಟಿಕೊಳ್ಳುತ್ತದೆ. ಎಸ್‌ಪಿಇ ಕಾರ್ಟ್ರಿಡ್ಜ್ (ಔಷಧವನ್ನು ಹಿಡಿದಿಟ್ಟು ಶುದ್ಧ ಮಾಡುವ ಸಣ್ಣ ಕೊಳವೆ) ಒಂದಕ್ಕೆ ಸುಮಾರು 250 ರೂಪಾಯಿ. ಹನ್ನೆರಡು ಜನರ ಅಧ್ಯಯನ, ಎರಡು ಪೀರಿಯಡ್ (ಔಷಧ ಕೊಡುವ ಸರದಿ), ಜೊತೆಗೆ ಕ್ಯಾಲಿಬ್ರೇಷನ್, ಕ್ಯೂಸಿ (ಗುಣಮಟ್ಟ ತಪಾಸಣೆ) ಸ್ಯಾಂಪಲ್ ಎಲ್ಲ ಸೇರಿದರೆ ಖರ್ಚು ಲಕ್ಷ ಮುಟ್ಟುತ್ತದೆ. ನಮಗೆ ಸ್ಯಾಂಪಲ್‌ಗೆ ಹದಿನೈದು–ಇಪ್ಪತ್ತು ರೂಪಾಯಿ ಬೀಳುತ್ತದೆ.

ಹೆಕ್ಸೇನ್–ಐಸೋಪ್ರೊಪನಾಲ್‌ನಲ್ಲಿ ಎಳೆದು ನೈಟ್ರೋಜನ್‌ನಲ್ಲಿ ಒಣಗಿಸುವುದು ಹಳೆಯ ಪದ್ಧತಿ. ಕೈ ಕೊಡುವುದು ಒಣಗಿಸುವ ಹಂತದಲ್ಲಿ. ಮೇಲಿನ ಪದರದ ಜೊತೆ ಒಂದು ಹನಿ ಆಮ್ಲ ಬಂದರೂ ಸಾಕು, ದ್ರಾವಕ ಆರುತ್ತಾ ಅದು ಗಟ್ಟಿಯಾಗಿ, ಬಿಸಿಗೆ ಡೈಕ್ಲೋಫೆನಾಕ್ ತನ್ನೊಳಗೇ ಉಂಗುರ ಕಟ್ಟಿಕೊಂಡು ಲ್ಯಾಕ್ಟಮ್ ಆಗುತ್ತದೆ. ಇಂಟರ್ನಲ್ ಸ್ಟ್ಯಾಂಡರ್ಡ್ (ಹೋಲಿಕೆಗೆ ಪ್ರತಿ ಸ್ಯಾಂಪಲ್‌ಗೂ ಒಂದೇ ಅಳತೆಯಲ್ಲಿ ಹಾಕುವ ವಸ್ತು) ಆದ ಫ್ಲುಫೆನಾಮಿಕ್ ಆಸಿಡ್‌ಗೆ ಉಂಗುರ ಕಟ್ಟುವ ಪಾರ್ಶ್ವ ಸರಪಳಿ ಇಲ್ಲ, ಅದು ಹಾಗೆ ಕೆಡುವುದಿಲ್ಲ. ಹೀಗಾಗಿ ಅನುಪಾತವೇ ತಪ್ಪುತ್ತದೆ. ಇಂಟರ್ನಲ್ ಸ್ಟ್ಯಾಂಡರ್ಡ್ ಇದ್ದೂ ಪ್ರಯೋಜನವಿಲ್ಲ. ಅದಕ್ಕೇ ಒಣಗಿಸುವ ಕೆಲಸವನ್ನೇ ಬಿಟ್ಟು, ಹೆಕ್ಸೇನ್‌ನಿಂದ ಕ್ಷಾರಕ್ಕೆ ವಾಪಸ್ ಎಳೆಯುತ್ತೇವೆ.

0.5 ಮಿಲಿ ಪ್ಲಾಸ್ಮಾಕ್ಕೆ ಫ್ಲುಫೆನಾಮಿಕ್ ದ್ರಾವಣ 50 ಮೈಕ್ರೋಲೀಟರ್, 1 ಮೋಲಾರ್ ಫಾಸ್ಫಾರಿಕ್ ಆಸಿಡ್ 200 ಮೈಕ್ರೋಲೀಟರ್. ಪಿಎಚ್ 3ಕ್ಕಿಂತ ಕೆಳಗೆ ಇಳಿದಿರಬೇಕು. ಆಸಿಡ್ ಹಾಕಿದ ಮೇಲೆ ಊಟಕ್ಕೆ ಹೋಗಬೇಡಿ, ಕೂಡಲೇ 4 ಮಿಲಿ ಹೆಕ್ಸೇನ್–ಐಸೋಪ್ರೊಪನಾಲ್ (95:5) ಸೇರಿಸಿ. ಇಲ್ಲಿ ವೋರ್ಟೆಕ್ಸ್ (ಟ್ಯೂಬನ್ನು ಜೋರಾಗಿ ಕಲಕುವ ಯಂತ್ರ) ಮುಟ್ಟಬಾರದು, ಎಮಲ್ಷನ್ ಆಗುತ್ತದೆ, ಪದರಗಳು ಬೇರೆಯಾಗುವುದಿಲ್ಲ. ಟ್ಯೂಬ್ ಅಡ್ಡ ಮಲಗಿಸಿ ಶೇಕರ್‌ನಲ್ಲಿ ನಿಧಾನವಾಗಿ 15 ನಿಮಿಷ, ಆಮೇಲೆ 3500 ಆರ್‌ಪಿಎಂನಲ್ಲಿ 10 ನಿಮಿಷ. ಮೇಲಿನಿಂದ ಸರಿಯಾಗಿ 3 ಮಿಲಿ ಮಾತ್ರ ತೆಗೆಯಿರಿ. ಉಳಿದದ್ದಕ್ಕೆ ಆಸೆ ಪಟ್ಟರೆ ನಡುವಿನ ಪದರ ಎದ್ದು ಬರುತ್ತದೆ.

ಅದನ್ನು ಚೂಪು ತಳದ ಟ್ಯೂಬಿನಲ್ಲಿ 150 ಮೈಕ್ರೋಲೀಟರ್ 0.02 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಜೊತೆ 2 ನಿಮಿಷ ಜೋರಾಗಿ ವೋರ್ಟೆಕ್ಸ್ ಮಾಡಿ. ಇಲ್ಲಿ ಪ್ರೋಟೀನ್ ಇಲ್ಲ, ಭಯವಿಲ್ಲ. ಸೆಂಟ್ರಿಫ್ಯೂಜ್ ಮಾಡಿ ಹೆಕ್ಸೇನ್ ಎಸೆದು, ತಳದಿಂದ 120 ಮೈಕ್ರೋಲೀಟರ್ ಎತ್ತಿ, 30 ಮೈಕ್ರೋಲೀಟರ್ ಫಾಸ್ಫೇಟ್ ಬಫರ್‌ನಿಂದ ಪಿಎಚ್ 7.5ರ ಆಸುಪಾಸಿಗೆ ತನ್ನಿ. ಕ್ಷಾರವನ್ನು ಹಾಗೇ ಹೊಡೆದರೆ ಕಾಲಮ್‌ನ ಸಿಲಿಕಾ ಕರಗುತ್ತದೆ. ಆಮ್ಲದ ಕಡೆಗೆ ಹೋದರೆ ಹೆಚ್ಚು ಸಾಂದ್ರತೆಯ ಸ್ಟ್ಯಾಂಡರ್ಡ್‌ಗಳಲ್ಲಿ ಔಷಧವೇ ಕರಗದೆ ತಳಕ್ಕೆ ಕೂರುತ್ತದೆ. ಬಫರ್‌ನ ಸಾಂದ್ರತೆ ಸದ್ಯಕ್ಕೆ ನಮ್ಮ ಬಳಿ ಇರಲಿ. ಪಿಎಚ್ ಮೀಟರ್ ಇದ್ದವರಿಗೆ ಅರ್ಧ ದಿನದ ಕೆಲಸ.

ಇದರ ನಿಜವಾದ ಲಾಭ ಇಂಜೆಕ್ಷನ್‌ನಲ್ಲಿದೆ. ಸ್ಯಾಂಪಲ್‌ನಲ್ಲಿ ಸಾವಯವ ದ್ರಾವಕ ಬಹಳ ಕಡಿಮೆ. ಪಿಎಚ್ 3ರ ಮೊಬೈಲ್ ಫೇಸ್‌ಗೆ (ಕಾಲಮ್‌ನಲ್ಲಿ ಹರಿಯುವ ದ್ರವಕ್ಕೆ) ಬೆರೆತೊಡನೆ ಡೈಕ್ಲೋಫೆನಾಕ್ ಕಾಲಮ್‌ನ ಬಾಯಲ್ಲೇ ಒತ್ತಾಗಿ ನಿಲ್ಲುತ್ತದೆ. 80 ಮೈಕ್ರೋಲೀಟರ್ ಹಾಕಿದರೂ ಪೀಕ್ ಹರಡುವುದಿಲ್ಲ. ಸಿ18 ಕಾಲಮ್, 150 × 4.6 ಮಿ.ಮೀ, ಅಸಿಟೋನೈಟ್ರೈಲ್–ಫಾಸ್ಫೇಟ್ 55:45, ನಿಮಿಷಕ್ಕೆ 1 ಮಿಲಿ, 276 ನ್ಯಾನೊಮೀಟರ್. ಡೈಕ್ಲೋಫೆನಾಕ್ 7 ನಿಮಿಷದ ಹತ್ತಿರ, ಫ್ಲುಫೆನಾಮಿಕ್ ಅದರ ಹಿಂದೆ. ರಿಕವರಿ (ಪ್ಲಾಸ್ಮಾದಿಂದ ಕೈಗೆ ಸಿಗುವ ಔಷಧದ ಪಾಲು) ಶೇ. 85ರ ಆಸುಪಾಸು, 20 ನ್ಯಾನೊಗ್ರಾಂ ಮಟ್ಟದಲ್ಲಿ ಸಿವಿ (ಅಳತೆಗಳ ಏರುಪೇರು) ಶೇ. ಎಂಟು–ಒಂಬತ್ತು. ಯುವಿಯಲ್ಲಿ ಇದು ಹೆಮ್ಮೆ ಪಡುವಂಥ ಅಂಕಿ.

ಕೆಲವು ಸ್ಯಾಂಪಲ್‌ಗಳಲ್ಲಿ ಎರಡನೇ ಹಂತದಲ್ಲೂ ನೊರೆ ಬರುತ್ತದೆ. ಪ್ಲಾಸ್ಮಾದ ಕೊಬ್ಬಿನಾಮ್ಲಗಳು ಹೆಕ್ಸೇನ್‌ಗೆ ಬಂದು, ಕ್ಷಾರ ತಾಗಿ ಸೋಪಾಗುವುದರಿಂದ ಹಾಗಾಗುತ್ತದೆ. ಕ್ಯಾನುಲಾಕ್ಕೆ (ರಕ್ತ ತೆಗೆಯಲು ನಾಳಕ್ಕೆ ಹಾಕಿದ ಕೊಳವೆಗೆ) ಹೆಪಾರಿನ್ ಹಾಯಿಸಿದರೆ ರಕ್ತದಲ್ಲಿ ಅವು ಇನ್ನೂ ಏರುತ್ತವೆ. ಸಲೈನ್ ಹಾಯಿಸಿ, ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು) ಇರುವ ಟ್ಯೂಬಿಗೇ ರಕ್ತ ತೆಗೆಯಿರಿ. ಬ್ಲಾಂಕ್ (ಔಷಧವಿಲ್ಲದ) ಪ್ಲಾಸ್ಮಾವೂ ಇಡಿಟಿಎಯದ್ದೇ ಆಗಿರಲಿ. ಬ್ಲಡ್ ಬ್ಯಾಂಕಿನ ಚೀಲದಲ್ಲಿರುವುದು ಸಿಟ್ರೇಟ್. ಬ್ಲಾಂಕ್‌ನಲ್ಲಿ ಗೊತ್ತಿಲ್ಲದ ಪೀಕ್ ಕಂಡರೆ ಮೊದಲು ಮುಚ್ಚಳ ನೋಡಿ. ರಬ್ಬರ್, ಪ್ಲಾಸ್ಟಿಕ್‌ನಿಂದ ಹೆಕ್ಸೇನ್ ಥ್ಯಾಲೇಟ್ (ಪ್ಲಾಸ್ಟಿಕ್ ಮೆದುಗೊಳಿಸುವ ರಾಸಾಯನಿಕ) ಎಳೆಯುತ್ತದೆ. ಗಾಜಿನ ಟ್ಯೂಬು, ಟೆಫ್ಲಾನ್ ಮುಚ್ಚಳ ಹಾಕಿದರೆ ಆ ಕಾಟ ತಪ್ಪುತ್ತದೆ. ಸ್ಟಾಕ್ ದ್ರಾವಣ ಬೆಳಕಿಗೆ ಕೆಡುತ್ತದೆ, ಕಂದು ಸೀಸೆಯಲ್ಲಿಡಿ. ಇಂಟರ್ನಲ್ ಸ್ಟ್ಯಾಂಡರ್ಡ್‌ಗೆ ಮೆಫೆನಾಮಿಕ್ ಅಗ್ಗ, ಆದರೆ ಮುಟ್ಟಿನ ನೋವಿಗೆ ಬಹಳ ಮಂದಿ ಅದನ್ನೇ ನುಂಗುತ್ತಾರೆ, ಅದು ಮೊದಲೇ ರಕ್ತದಲ್ಲಿರಬಹುದು.

ಇದೇ ದಾರಿಯಲ್ಲಿ ಅಸಿಕ್ಲೋಫೆನಾಕ್ ಎಂಬ ಇನ್ನೊಂದು ನೋವಿನ ಔಷಧ ಕೂಡ ನೋಡಿದೆವು. ಅದು ಜಲವಿಭಜನೆಯಾಗಿ ಡೈಕ್ಲೋಫೆನಾಕ್ ಆಗುವಂಥದ್ದು, ಕ್ಷಾರದಲ್ಲಿ ಇನ್ನೂ ಬೇಗ. ಐಸ್‌ನಲ್ಲಿಟ್ಟು ತಕ್ಷಣ ಬಫರ್ ಹಾಕಿದರೂ ಅಂಕಿ ನಂಬುವಂತಿರಲಿಲ್ಲ; ಅದಕ್ಕೆ ಈ ದಾರಿ ಬೇಡ. ಪ್ಯಾರಾಸಿಟಮಾಲ್ ಅಂತೂ ಹೆಕ್ಸೇನ್‌ಗೆ ಬರುವುದೇ ಇಲ್ಲ, ಅದಕ್ಕೆ ಈಥೈಲ್ ಅಸಿಟೇಟ್ ಬೇಕು.