ಮಳೆಗಾಲದ ಬೆಟ್ಟದಲ್ಲಿ ಒಂದು ರಾತ್ರಿ: ಅಡಿಕೆ ಹಾಳೆ, ಕರ್ಪೂರ, ಗೊಬ್ಬರದ ಚೀಲ

ನಮ್ಮ ಶಿರಸಿ, ಸಿದ್ದಾಪುರದ ಕಡೆ ಮಳೆಗಾಲದಲ್ಲಿ ಕಾಡಿನೊಳಗೆ ದಾರಿ ತಪ್ಪಿ ಸಿಕ್ಕಿಹಾಕಿಕೊಂಡರೆ ಎಲ್ಲಕ್ಕಿಂತ ಮೊದಲು ಕಾಡುವುದು ಒದ್ದೆ ಮೈ. ಬಟ್ಟೆ ನೆನೆದು, ಗಾಳಿ ಬೀಸಿ, ಕತ್ತಲೂ ಆಯಿತೆಂದರೆ ಹಲ್ಲು ಕಟಕಟ ಅನ್ನೋಕೆ ಶುರುವಾಗುತ್ತದೆ. ಆಮೇಲೆ ಬೆರಳು ಮರಗಟ್ಟಿ ಬೆಂಕಿಕಡ್ಡಿ ಹಿಡಿಯೋಕೂ ಆಗುವುದಿಲ್ಲ. ವಿಡಿಯೋಗಳಲ್ಲಿ ಮರುಭೂಮಿಯಲ್ಲೋ ಹಿಮದಲ್ಲೋ ಬದುಕುವ ಉಪಾಯ ತೋರಿಸುತ್ತಾರೆ. ನೋಡೋಕೆ ಚೆನ್ನಾಗಿರುತ್ತದೆ, ಆದರೆ ದೇವಿಮನೆ ಘಟ್ಟದ ಮಳೆಗೆ ಅದರಲ್ಲಿ ಅರ್ಧಕ್ಕರ್ಧ ಉಪಯೋಗಕ್ಕೆ ಬರುವುದಿಲ್ಲ. ನಮ್ಮ ಮಳೆಗೆ ನಮ್ಮ ತೋಟದ ಸಾಮಾನೇ ಸರಿ ಅಂತ ನನ್ನ ನಂಬಿಕೆ, ಮಾಡಿ ನೋಡಿಯೇ ಹೇಳುತ್ತಿದ್ದೇನೆ.

ನಾನು ಇದನ್ನೆಲ್ಲ ಮಾಡಿ ಕಲಿತಿದ್ದು ನಮ್ಮ ಸೊಪ್ಪಿನ ಬೆಟ್ಟದಲ್ಲಿ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಅಡಿಕೆ ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರೋಕೆ ಅಂತ ಬಿಟ್ಟ ಕಾಡು ಅದು. ಕಲಿಸಿದವರು ನಮ್ಮಲ್ಲಿ ಅಡಿಕೆ ಕೊಯ್ಯಲು ಬರುವ ಕೊನೆಗೌಡರು. ಕಾಯ್ದಿಟ್ಟ ಅರಣ್ಯದಲ್ಲಿ ಬೆಂಕಿ ಹಾಕುವುದು ಅಪರಾಧ, ಬೇಸಿಗೆಯಲ್ಲಂತೂ ಒಂದು ಕಿಡಿ ಸಾಕು ಇಡೀ ಗುಡ್ಡ ಹೋಗೋಕೆ. ಹಾಗಾಗಿ ಅಭ್ಯಾಸ ಮಾಡುವುದಾದರೆ ಮನೆ ಹಿತ್ತಲಲ್ಲಿ ಮಾಡಿ, ಅದೂ ಮಳೆ ಹೊಯ್ಯುವಾಗಲೇ ಮಾಡಿ. ಒಣ ದಿನದಲ್ಲಿ ಬೆಂಕಿ ಹಚ್ಚುವುದು ಯಾರಿಗೆ ಬರುವುದಿಲ್ಲ?

ಮೊದಲು ಮೇಲೊಂದು ಮರೆ. ಕೂರುವ ಜಾಗ ಹುಡುಕುವಾಗ ಕೊನೆಗೌಡರು ಒಂದು ಮಾತು ಹೇಳುತ್ತಿದ್ದರು, "ಹೆಗಡೇರೇ, ಮೊದಲು ತಲೆ ಮೇಲೆ ನೋಡಿ, ಆಮೇಲೆ ಕಾಲ ಬುಡ ನೋಡಿ." ಮೇಲೆ ಒಣಗಿದ ಟೊಂಗೆ ನೇತಾಡುತ್ತಿದ್ದರೆ ಗಾಳಿಗೆ ಅದು ಬೀಳುವುದೇ. ಕೆಳಗೆ ನೀರು ಹರಿದ ಗುರುತು, ಅಡ್ಡಲಾಗಿ ಸಿಕ್ಕಿಕೊಂಡ ಕಸ, ತೊಳೆದು ಹೋದ ಬೇರು ಕಂಡರೆ ಅಲ್ಲಿ ಕೂರಬಾರದು. ಹಳ್ಳದ ಪಕ್ಕವಂತೂ ಬೇಡವೇ ಬೇಡ. ನೀವಿದ್ದಲ್ಲಿ ಹನಿ ಮಳೆ ಇರುತ್ತದೆ, ಮೇಲೆ ಎಲ್ಲೋ ಜೋರಾಗಿ ಹೊಯ್ದು ಹಳ್ಳ ಏಕಾಏಕಿ ಏರಿಬಿಡುತ್ತದೆ.

ಪ್ಲಾಸ್ಟಿಕ್ ಹಾಳೆ ಒಂದು ಚೀಲದಲ್ಲಿ ಮಡಚಿಟ್ಟುಕೊಂಡಿರಿ. ಅಡಿಕೆ ಗೊನೆಗೆ ಕೊಟ್ಟೆ (ಹೊದಿಕೆ ಚೀಲ) ಕಟ್ಟುವ ಪ್ಲಾಸ್ಟಿಕ್ ಇರುತ್ತದಲ್ಲ, ಅಗಲ ಇದ್ದರೆ ಅದೂ ಆದೀತು. ಅದಕ್ಕೆ ತೂತು ಹೊಡೆದು ಹಗ್ಗ ಕಟ್ಟಿದರೆ ಒಂದೇ ಗಾಳಿಗೆ ಹರಿಯುತ್ತದೆ. ಮೂಲೆಯಲ್ಲಿ ಒಂದು ಅಡಿಕೆಯನ್ನೋ ದುಂಡು ಕಲ್ಲನ್ನೋ ಒಳಗಿಟ್ಟು, ಪ್ಲಾಸ್ಟಿಕ್ಕನ್ನು ಅದರ ಸುತ್ತ ಹಿಂಡಿ, ಆ ಕುತ್ತಿಗೆಗೆ ಹಗ್ಗ ಬಿಗಿಯಿರಿ. ಎಳೆದಷ್ಟೂ ಬಿಗಿಯಾಗುತ್ತದೆ, ಹರಿಯುವುದಿಲ್ಲ. ಗಾಳಿ ಬರುವ ಕಡೆ ತಗ್ಗು ಮಾಡಿ. ಇನ್ನೊಂದು ಸಣ್ಣ ವಿಷಯ, ಆದರೆ ರಾತ್ರಿಯಿಡೀ ಅದರದ್ದೇ ಉಪಕಾರ: ಮರಕ್ಕೆ ಕಟ್ಟಿದ ಹಗ್ಗದ ಗುಂಟ ನೀರು ಒಳಗೆ ಇಳಿದು ಬರುತ್ತದೆ, ಮರೆಯ ಹೊರಗೇ ಆ ಹಗ್ಗಕ್ಕೆ ಒಂದು ಗೇಣು ದಾರದ ತುಂಡು ಕಟ್ಟಿ ಇಳಿಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಹಗ್ಗ ಇಲ್ಲದಿದ್ದರೆ ಬಾಳೆ ಪಟ್ಟೆಯ ನಾರು ಆಗುತ್ತದೆ, ದಡಸಲು ಮರದ ಸಣ್ಣ ಟೊಂಗೆಯ ತೊಗಟೆ ಸುಲಿದರೆ ಇನ್ನೂ ಗಟ್ಟಿ.

ಮೈಮೇಲೆ ಹೊದೆಯೋಕೆ ಕಂಬಳಿ ಕೊಪ್ಪೆಯಂಥದ್ದು (ತಲೆಯಿಂದ ಬೆನ್ನ ಮೇಲೆ ಇಳಿಬಿಡುವ ಹೊದಿಕೆ) ಬೇರೆ ಇಲ್ಲ. ಉಣ್ಣೆ ನೆಂದರೂ ಅಷ್ಟಿಷ್ಟು ಬಿಸಿ ಉಳಿಸಿಕೊಳ್ಳುತ್ತದೆ. ಜೀನ್ಸ್, ಹತ್ತಿ ಅಂಗಿ ನೆಂದರೆ ಮೈಯ ಬಿಸಿಯನ್ನೇ ಹೀರುತ್ತವೆ. ಕಂಬಳಿ ಹೊತ್ತು ತಿರುಗೋಕೆ ಯಾರಿಗೂ ಮನಸ್ಸಿಲ್ಲ, ಗೊತ್ತು. ಹಾಗಾದರೆ ಖಾಲಿ ಗೊಬ್ಬರದ ಚೀಲ ತೊಳೆದು ಒಂದು ಇಟ್ಟುಕೊಳ್ಳಿ. ಕೆಳಗಿನ ಒಂದು ಮೂಲೆಯನ್ನು ಇನ್ನೊಂದು ಮೂಲೆಯ ಒಳಗೆ ತೂರಿಸಿದರೆ ಕೊಪ್ಪೆ ಆಯಿತು, ನಮ್ಮಲ್ಲಿ ಗದ್ದೆ ಕೆಲಸಕ್ಕೆ ಎಲ್ಲರೂ ಹಾಕುವುದೇ.

ಕೂರುವುದು ನೆಲದ ಮೇಲೆ ಬೇಡ. ಎಲೆ ಹಾಸಿ ಮಲಗಿ ಅಂತ ವಿಡಿಯೋದಲ್ಲಿ ಹೇಳುತ್ತಾರಲ್ಲ, ನಮ್ಮ ಕಾಡಿಗೆ ಆ ಮಾತು ಅಪಾಯ. ಮಳೆಗಾಲದಲ್ಲಿ ದರಕಿನ ತುಂಬ ಉಂಬಳ, ಅಂದರೆ ಜಿಗಣೆ. ಮಳೆ ನಿಂತ ಮೇಲೆ, ಡಿಸೆಂಬರಿನಿಂದ ಮೇ ತನಕ, ಅದೇ ದರಕಿನಲ್ಲಿ ಉಣುಗು, ಅಂದರೆ ಉಣ್ಣೆ ಹುಳ. ಮಂಗನ ಕಾಯಿಲೆ ಹರಡುವುದು ಅದರಿಂದಲೇ, 1957ರಲ್ಲಿ ಮೊದಲು ಗೊತ್ತಾಗಿದ್ದು ಪಕ್ಕದ ಸೊರಬದ ಕ್ಯಾಸನೂರಿನಲ್ಲಿ, ನಮ್ಮ ಸಿದ್ದಾಪುರದ ಕಡೆಯೂ ಜನ ಸತ್ತಿದ್ದಾರೆ. ಆ ದಿನಗಳಲ್ಲಿ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚದೆ ಕಾಡಿಗೆ ಹೋಗಬೇಡಿ, ಸತ್ತ ಮಂಗ ಕಂಡರೆ ಹತ್ತಿರ ಸುಳಿಯಬೇಡಿ. ಮಳೆಗಾಲಕ್ಕೆ ನಾನು ಮಾಡುವುದಿಷ್ಟು: ನಾಲ್ಕಾರು ಗಟ್ಟಿ ಬಡಿಗೆ ಒತ್ತೊತ್ತಾಗಿ ಜೋಡಿಸಿ, ಮೇಲೆ ಅಡಿಕೆ ಹಾಳೆ (ಅಡಿಕೆ ಸೋಗೆಯ ಬುಡದ ಅಗಲ ಪಟ್ಟೆ) ಹಾಸಿ ಕೂರುವುದು. ಉಂಬಳಕ್ಕೆ ಉಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕೋಲಿನ ತುದಿಗೆ ಸಿಗಿಸಿಕೊಂಡರೆ ಆಯಿತು. ಮುಟ್ಟಿಸಿದರೆ ಬಿದ್ದುಹೋಗುತ್ತದೆ.

ಇನ್ನು ಬೆಂಕಿ. ಇದರ ಬಗ್ಗೆ ಜಾಸ್ತಿ ಬರೆಯಲೇಬೇಕು, ಯಾಕೆಂದರೆ ಎಲ್ಲರೂ ಸೋಲುವುದು ಇಲ್ಲಿ. ಬಿದಿರು ಉಜ್ಜಿ ಬೆಂಕಿ ಬರಿಸುವುದು ಬೇಸಿಗೆಯ ಒಣ ಬಿದಿರಿಗೆ ಸರಿ. ಆಷಾಢದಲ್ಲಿ ಗಾಳಿಯೇ ಒದ್ದೆ, ಅದನ್ನು ನಂಬಿ ಕೂತರೆ ಕೈ ಬೊಬ್ಬೆ ಬರುತ್ತದೆ ಅಷ್ಟೇ. ಬೆಂಕಿಪೊಟ್ಟಣ ಬೇಕು. ಅದನ್ನು ಎರಡು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿಡಿ. ಕಡ್ಡಿಯ ತಲೆಯನ್ನು ಕರಗಿದ ಮೇಣದಲ್ಲಿ ಅದ್ದಿ ಒಣಗಿಸಿಟ್ಟರೆ ಇನ್ನೂ ಒಳ್ಳೆಯದು, ಗೀರುವ ಮೊದಲು ಮೇಣ ಉಗುರಲ್ಲಿ ಕೆರೆದರೆ ಸಾಕು. ಜೊತೆಗೆ ಒಂದು ಹಿಡಿ ಕರ್ಪೂರ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ, ಇಲ್ಲದಿದ್ದರೆ ಹಾರಿಹೋಗುತ್ತದೆ. ಸೈಕಲ್ ಟ್ಯೂಬಿನ ಎರಡು ಪಟ್ಟಿ ಇದ್ದರೂ ಆಯಿತು, ವಾಸನೆ ಕೆಟ್ಟದ್ದು, ಆದರೆ ಹನಿ ಮಳೆಯಲ್ಲೂ ಉರಿಯುತ್ತದೆ.

ಕಟ್ಟಿಗೆ ನೆಲದಿಂದ ಎತ್ತಬೇಡಿ. ಬಿದ್ದ ಕಟ್ಟಿಗೆ ಪೂರ್ತಿ ನೀರು ಕುಡಿದಿರುತ್ತದೆ. ಮರದ ಕವೆಯಲ್ಲಿ ಸಿಕ್ಕಿಕೊಂಡು ಒಣಗಿದ್ದು, ನಿಂತಲ್ಲೇ ಸತ್ತ ಸಣ್ಣ ಗಿಡ, ಇವೇ ಬೇಕು. ಪಟ್ ಅಂತ ಮುರಿದರೆ ಸರಿ, ಬಗ್ಗಿದರೆ ಬಿಡಿ. ಹೊರಗಿನ ತೊಗಟೆ ಒದ್ದೆ ಇದ್ದರೂ ಕತ್ತಿಯಲ್ಲಿ ಸೀಳಿದರೆ ಒಳಗಿನ ತಿರುಳು ಒಣಗಿರುತ್ತದೆ. ಆ ತಿರುಳಿನ ಕಡ್ಡಿಯನ್ನು ತೆಳುವಾಗಿ ಹೆರೆಯುತ್ತಾ ಹೋಗಿ, ಸಿಪ್ಪೆ ಬಿಡಿಸಬೇಡಿ, ಕಡ್ಡಿಗೇ ಸುರುಳಿ ಸುರುಳಿಯಾಗಿ ಅಂಟಿಕೊಂಡಿರಲಿ. ಅಂಥ ಐದಾರು ಕಡ್ಡಿ ಆದರೆ ಬೆಂಕಿ ಹತ್ತಿದ ಹಾಗೇ. ತಾಳೆ ಜಾತಿಯ ಬೈನೆ ಮರ ಸಿಕ್ಕರೆ ಸೋಗೆಯ ಬುಡ ನೋಡಿ, ಕಂದು ಬಣ್ಣದ ಅರಳೆಯಂಥದ್ದು ಇರುತ್ತದೆ, ಹಿಂದಿನವರು ಚಕಮಕಿಯ ಕಿಡಿ ಹಿಡಿಯುತ್ತಿದ್ದುದು ಅದರಲ್ಲೇ. ಧೂಪದ ಮರದ ಬುಡದಲ್ಲಿ ಉದುರಿದ ಅಂಟು ಒದ್ದೆಯಾದರೂ ಹೊತ್ತಿಕೊಳ್ಳುತ್ತದೆ. ಉದುರಿದ್ದನ್ನು ಮಾತ್ರ ಆರಿಸಿಕೊಳ್ಳಿ, ದಯವಿಟ್ಟು ಮರಕ್ಕೆ ಕತ್ತಿ ಹಾಕಬೇಡಿ. ಧೂಪದ ಆಸೆಗೆ ಕಡಿದು, ಬುಡ ಸುಟ್ಟು, ಎಷ್ಟೋ ಒಳ್ಳೆಯ ಮರ ಹಾಳಾಗಿ ಹೋಗಿವೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಬೆಂಗಳೂರಿಂದ ಬಂದ ಅಕ್ಕನ ಮಗನಿಗೆ ಇದನ್ನು ಕಲಿಸುವಾಗ ಅವನು ಕಡ್ಡಿ ಮೇಲೆ ಕಡ್ಡಿ ಗೀರಿ "ಮಾವಾ, ಇದು ಹತ್ತೋದೇ ಇಲ್ಲ" ಅಂದ. ಒದ್ದೆ ನೆಲದ ಮೇಲೇ ಒಟ್ಟಿದ್ದ. ಹಸಿ ಬಡಿಗೆ ನಾಲ್ಕು ಅಡ್ಡ ಇಟ್ಟು ಅದರ ಮೇಲೆ ಮಾಡು ಅಂದೆ. ಕರ್ಪೂರ, ಮೇಲೆ ಹೆರೆದ ಕಡ್ಡಿ, ಅದರ ಮೇಲೆ ಪೆನ್ಸಿಲ್ ಗಾತ್ರದ್ದು, ಕೊಪ್ಪೆ ಹೊದ್ದು ಕುಕ್ಕರಗಾಲಲ್ಲಿ ಕೂತು ಮೈಯಲ್ಲೇ ಗಾಳಿ ಮರೆ ಮಾಡಿದ. ಹತ್ತಿತು. ಹತ್ತಿದ ಕೂಡಲೇ ದಪ್ಪ ಕಟ್ಟಿಗೆ ಹೇರಬಾರದು. ಅದನ್ನು ಬೆಂಕಿಯ ಸುತ್ತ ಒರಗಿಸಿಟ್ಟು ಒಣಗಿಸುತ್ತಾ ಒಂದೊಂದಾಗಿ ಕೊಡಬೇಕು. ಊದೋಕೆ ಬಿದಿರಿನ ಕೊಳವೆ, ಬೀಸೋಕೆ ಹಾಳೆ.

ಕಟ್ಟಿಗೆಗೆ ಹೊಲಗೇರು ಮರ ಮಾತ್ರ ಮುಟ್ಟಬೇಡಿ. ಸೋನೆ ತಾಗಿದರೆ ಮೈ ಬಾತು ಗುಳ್ಳೆ ಏಳುತ್ತದೆ, ಅದರ ಹೊಗೆಯೂ ಕೆಟ್ಟದ್ದು. ತೊಗಟೆಯ ಗಾಯದಲ್ಲಿ ಕಪ್ಪು ಸೋನೆ ಒಣಗಿ ಅಂಟಿಕೊಂಡಿದ್ದು ಕಂಡರೆ ದೂರ ಇರಿ.

ಮಳೆಗಾಲದಲ್ಲಿ ನೀರಿಗೆ ಬರವಿಲ್ಲ, ಪ್ಲಾಸ್ಟಿಕ್ಕಿನಿಂದ ಇಳಿಯುವ ಮಳೆ ನೀರನ್ನೇ ಹಾಳೆಯ ದೊನ್ನೆಯಲ್ಲಿ ಹಿಡಿಯಿರಿ. ಹಳ್ಳದ ನೀರಾದರೆ ಪಂಚೆಯಲ್ಲಿ ಸೋಸಿ ಕುದಿಸಲೇಬೇಕು, ಇಲಿ ಜ್ವರದ ಭಯ ಇರುತ್ತದೆ. ಪಾತ್ರೆ ಇಲ್ಲದಿದ್ದರೆ ಹಸಿ ಬಿದಿರಿನ ಒಂದು ಗೆಣ್ಣು, ಮೇಲಿನ ಬಾಯಿ ತೆರೆದು, ನೀರು ತುಂಬಿ, ಕೆಂಡಕ್ಕೆ ಓರೆಯಾಗಿ ಒರಗಿಸಿ. ಎರಡೂ ಕಡೆ ಮುಚ್ಚಿದ ಗೆಣ್ಣನ್ನು ಬೆಂಕಿಗೆ ಹಾಕಿದರೆ ಸಿಡಿಯುತ್ತದೆ.

ತಿನ್ನೋಕೆ ಹುಡುಕಬೇಡಿ. ಒಂದು ರಾತ್ರಿ ಉಪವಾಸಕ್ಕೆ ಏನೂ ಆಗುವುದಿಲ್ಲ, ಗೊತ್ತಿಲ್ಲದ ಅಣಬೆಗೆ, ಚೆಂದ ಕಾಣುವ ಕಾಸರಕನ ಹಣ್ಣಿಗೆ ಜೀವ ಹೋಗುತ್ತದೆ. ಜೇಬಿನಲ್ಲಿ ಬೆಲ್ಲದ ತುಂಡು ಇರಲಿ.

ದಾರಿ ತಪ್ಪಿದರೆ ಹಳ್ಳ ಹಿಡಿದು ಕೆಳಗಿಳಿ, ಊರು ಸಿಗುತ್ತದೆ ಅಂತ ಹೇಳುವವರಿದ್ದಾರೆ. ಘಟ್ಟದ ಅಂಚಿನಲ್ಲಿ ಇದನ್ನು ಖಂಡಿತ ಮಾಡಬೇಡಿ. ಅಘನಾಶಿನಿ ಹೊಳೆ ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಧುಮುಕುತ್ತದೆ, ಅದರ ಆಚೀಚೆ ಹೆಸರಿಲ್ಲದ ಹಳ್ಳಗಳೂ ಹಾಗೇ ಬೀಳುತ್ತವೆ. ಮಂಜು ಮುಸುಕಿದಾಗ ಅಂಚು ಕಾಣುವುದೇ ಇಲ್ಲ. ಇದ್ದಲ್ಲೇ ಇರಿ, ನಡುನಡುವೆ ಮೂರು ಸಲ ಕೂ ಹೊಡೆಯಿರಿ. ಎತ್ತರದ ಜಾಗ ಹತ್ತಿರ ಇದ್ದರೆ 112ಕ್ಕೆ ಫೋನ್ ಮಾಡಿ ನೋಡಿ, ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ ಹೋಗಬಹುದು. ಎಲ್ಲಿಗೆ ಹೋಗುತ್ತೇನೆ, ಎಷ್ಟೊತ್ತಿಗೆ ಬರುತ್ತೇನೆ ಅಂತ ಮನೆಯಲ್ಲಿ ಹೇಳಿ ಹೊರಟಿದ್ದರೆ ಹುಡುಕುವವರಿಗೆ ಅರ್ಧ ಕೆಲಸ ಕಡಿಮೆ.

ಯಾರಿಗಾದರೂ ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಮೂರೂ ಬೇಡ. ಉಂಗುರ, ಬಳೆ, ವಾಚು ತೆಗೆಯಿರಿ. ಕಾಲಿಗೆ ಕಚ್ಚಿದ್ದರೆ ಎರಡು ಅಡಿಕೆ ಹಾಳೆ ಆಚೀಚೆ ಇಟ್ಟು, ಬಾಳೆ ನಾರಿನಲ್ಲಿ ಸಡಿಲವಾಗಿ, ರಕ್ತ ನಿಲ್ಲದ ಹಾಗೆ ಸುತ್ತಿ. ಕಾಲು ಅಲ್ಲಾಡದಿದ್ದರೆ ಸಾಕು. ಮೂಳೆ ಮುರಿದಾಗಲೂ ಹಾಳೆ ಒಳ್ಳೆಯದೇ, ಕಾಲಿನ ದುಂಡಿಗೆ ಸರಿಯಾಗಿ ಕೂರುತ್ತದೆ. ಕಚ್ಚಿಸಿಕೊಂಡವರನ್ನು ನಡೆಸಬೇಡಿ. ಕಂಬಳಿಯ ಎರಡೂ ತುದಿಯನ್ನು ಗಟ್ಟಿ ಬಿದಿರಿಗೆ ಕಟ್ಟಿದರೆ ಜೋಲಿ ಆಗುತ್ತದೆ, ನಮ್ಮ ಒಳ ಊರುಗಳಲ್ಲಿ ರೋಗಿಗಳನ್ನು ರಸ್ತೆಗೆ ಹೊತ್ತು ತರುವುದು ಹೀಗೇ. ಕಂಬಳಿ ಇಲ್ಲದಿದ್ದರೆ ಗೊಬ್ಬರದ ಚೀಲ ಎರಡು ಮೂರು ತೆಗೆದುಕೊಂಡು, ತಳದ ಮೂಲೆಗಳನ್ನು ಕತ್ತರಿಸಿ, ಎರಡು ಗಳ ತೂರಿಸಿ. ಹೊರುವ ಮೊದಲು ಗಟ್ಟಿ ಆಳೊಬ್ಬರನ್ನು ಅದರಲ್ಲಿ ಮಲಗಿಸಿ ಎತ್ತಿ ನೋಡಿ. ರಸ್ತೆ ಮುಟ್ಟುವ ಮೊದಲೇ 108ಕ್ಕೆ ಹೇಳಿಟ್ಟರೆ ಆಂಬುಲೆನ್ಸ್ ಬಂದು ನಿಂತಿರುತ್ತದೆ.